ಕೂತಿಲ್ಲ ಕಣೇ, ಕೂತಿಲ್ಲ

ಕಂಪ್ಯೂಟರಿಗೆ ‘ಇಲ್ಲ’ ಅನ್ನಲು ಬರುವುದಿಲ್ಲ. ನಾನು ಕಲಿಸುವ ವಿಷಯದ ಮೊದಲ ಪಾಠ ಇದು, ಕೊನೆಯ ಪಾಠವೂ ಇದೇ. ನೀವು ಏನು ಕೊಟ್ಟರೂ ಅದು ಲೆಕ್ಕ ಹಾಕುತ್ತದೆ, ಹಾಕಿ ಒಂದು ಅಂಕಿಯನ್ನು ನಿಮ್ಮ ಮುಂದಿಡುತ್ತದೆ. ಜ್ವರದ ಮಾತ್ರೆ ಕೊಟ್ಟರೂ ಅಂಕಿ, ಬೂಟ್ ಪಾಲಿಶ್ ಕೊಟ್ಟರೂ ಅಂಕಿ. ಇದು ಆಗುವ ಹೋಗುವ ಕೆಲಸವಲ್ಲ ಎಂದು ಅದು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೇಳಬೇಕಾದವರು ಅದರ ಮುಂದೆ ಕೂತವರು.

ನಾನು ಫಾರ್ಮಸಿ ಕಾಲೇಜಿನಲ್ಲಿ ಮೇಡಂ. ಕಂಪ್ಯೂಟರಿನ ನೆರವಿನಿಂದ ಔಷಧಿ ವಿನ್ಯಾಸ ಮಾಡುವುದು ನನ್ನ ವಿಷಯ. ಹೆಸರು ಕೇಳಿ ಹೆದರಬೇಡಿ. ನಮ್ಮ ಮೈಯೊಳಗಿನ ಪ್ರೋಟೀನುಗಳಲ್ಲಿ ಗುಳಿಗಳಿರುತ್ತವೆ. ಔಷಧಿಯ ಅಣು ಹೋಗಿ ಆ ಗುಳಿಯಲ್ಲಿ ಸರಿಯಾಗಿ ಕೂತರೆ ಕೆಲಸ ಮಾಡುತ್ತದೆ, ಕೂರದಿದ್ದರೆ ಇಲ್ಲ. ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ ಎಂದು ಪ್ರಯೋಗಶಾಲೆಯ ಸೀಸೆ ಮುಟ್ಟುವ ಮೊದಲೇ ಪರದೆಯ ಮೇಲೆ ನೋಡಿಕೊಳ್ಳುವುದು, ಇಷ್ಟೇ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಮಾತುಗಳಿವೆ. ನಮ್ಮ ಕ್ಲಾಸಿನಲ್ಲಿ ಎರಡೇ: ಕೂತಿದೆ, ಕೂತಿಲ್ಲ. ಈ ಎರಡು ಮಾತು ನಮಗೆ ಬಂದದ್ದು ನನ್ನ ಅತ್ತೆಯ ಹಲ್ಲುಸೆಟ್ಟಿನಿಂದ.

ನಮ್ಮದು ‘ಬ್ಲೆಂಡೆಡ್ ಲರ್ನಿಂಗ್’. ಪಾಠದ ಅರ್ಧ ಭಾಗವನ್ನು ನಾನು ವಿಡಿಯೋ ಮಾಡಿ ಹಾಕುತ್ತೇನೆ, ಮಕ್ಕಳು ಮನೆಯಲ್ಲಿ ನೋಡಿಕೊಂಡು ಬರುತ್ತಾರೆ. ಇನ್ನರ್ಧ ಮೂರನೇ ಮಹಡಿಯ ಕಂಪ್ಯೂಟರ್ ರೂಮಿನಲ್ಲಿ, ಕೈಯಾರೆ ಮಾಡಿ, ತಪ್ಪಿ, ನನ್ನಿಂದ ಬೈಸಿಕೊಂಡು ಕಲಿಯುವುದು. ‘ಬ್ಲೆಂಡೆಡ್ ಅಂದ್ರೆ ಮಿಕ್ಸಿಗೆ ಹಾಕೋದಾ?’ ಎಂದು ಅತ್ತೆ ಕೇಳಿದ್ದರು. ಹೆಚ್ಚುಕಡಿಮೆ ಹಾಗೇ ಎಂದಿದ್ದೆ. ‘ಹಾಗಾದ್ರೆ ಮುಚ್ಚಳ ಗಟ್ಟಿಯಾಗಿ ಹಿಡ್ಕೋ’ ಎಂದಿದ್ದರು. ಹಿಡಿದುಕೊಳ್ಳಬೇಕಾಗಿ ಬರುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ವಿಡಿಯೋ ಮಾಡುವುದು ನಮ್ಮ ಮಲಗುವ ಕೋಣೆಯಲ್ಲಿ. ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆ ಅದೊಂದೇ, ಅದರ ಚಿಲಕವೂ ಅಷ್ಟಕ್ಕಷ್ಟೇ. ಅವತ್ತು ಮಧ್ಯಾಹ್ನ ನಾನು ಬಹಳ ಮುಖ್ಯವಾದ ಹಂತವನ್ನು ಹೇಳಿಕೊಡುತ್ತಿದ್ದೆ. ಅಣುವನ್ನು ಕೂರಿಸುವ ಮೊದಲು, ಪ್ರೋಟೀನಿನ ಯಾವ ಜಾಗದಲ್ಲಿ ಹುಡುಕಬೇಕು ಎಂದು ಕಂಪ್ಯೂಟರಿಗೆ ತೋರಿಸಬೇಕು. ಅದಕ್ಕಾಗಿ ಪರದೆಯ ಮೇಲೆ ಒಂದು ಪೆಟ್ಟಿಗೆ ಎಳೆಯುತ್ತೇವೆ. ಪೆಟ್ಟಿಗೆ ಎಲ್ಲಿರಬೇಕು ಎಂದು ಹೇಳುವುದು ಮೂರು ಅಂಕಿಗಳು. ನಾನು ಉದಾಹರಣೆಗೆ ತೆಗೆದುಕೊಂಡ ಪ್ರೋಟೀನಿಗೆ ತಕ್ಕ ಮೂರು ಅಂಕಿಗಳನ್ನು ಹಾಕಿ ತೋರಿಸಿದೆ. ಆಮೇಲೆ, ‘ಈ ಅಂಕಿಗಳನ್ನು ಕಾಪಿ ಮಾಡಬೇಡಿ, ನಿಮ್ಮ ನಿಮ್ಮ ಪ್ರೋಟೀನಿನ ಗುಳಿ ನೋಡಿ ಹಾಕಿ’ ಎಂಬ ಮಾತನ್ನು ನಾನು ಶುರು ಮಾಡುವುದಕ್ಕೂ, ದಂತವೈದ್ಯರ ಹತ್ತಿರ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಬಂದ ಅತ್ತೆ ಬಾಗಿಲು ತಳ್ಳುವುದಕ್ಕೂ ಸರಿಹೋಯಿತು.

‘ಕೂತಿಲ್ಲ ಕಣೇ, ಕೂತಿಲ್ಲ! ಎಷ್ಟು ಹೇಳಿದ್ರೂ ಆ ಡಾಕ್ಟ್ರು ಕೇಳ್ತಾನೇ ಇಲ್ಲ, ಕೂತಿದೆ ಅಂತಾನೆ. ಬಾಯಿ ನಂದಾ, ಅವಂದಾ?’

ಅತ್ತೆಯ ದನಿಯ ಕೆಳಗೆ ನನ್ನ ಮಾತು ಸಿಕ್ಕಿ ಅಪ್ಪಚ್ಚಿಯಾಯಿತು. ಅತ್ತೆಯನ್ನು ಸಮಾಧಾನ ಮಾಡಿ ಕಳಿಸಿ, ಮುಂದಿನ ಹಂತ ಹೇಳಿ ಮುಗಿಸಿ, ವಿಡಿಯೋ ಹಾಕಿಬಿಟ್ಟೆ. ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ ಎಂದೇ ನನ್ನ ತಲೆಯಲ್ಲಿತ್ತು.

ಮುಂದಿನ ವಾರ ವರದಿಗಳು ಬಂದವು. ಏನು ಅಂದ, ಏನು ಚಂದ! ಬಣ್ಣಬಣ್ಣದ ಚಿತ್ರಗಳು, ಅಂಕಿಗಳ ಕೋಷ್ಟಕಗಳು, ಕೊನೆಯಲ್ಲಿ ಗಂಭೀರವಾದ ತೀರ್ಮಾನಗಳು. ಆನ್‌ಲೈನ್ ಟೆಸ್ಟಿನಲ್ಲೂ ಎಲ್ಲರಿಗೂ ತೊಂಬತ್ತರ ಮೇಲೆ. ವರದಿ ಕಳಿಸದೇ ಇದ್ದವಳು ಒಬ್ಬಳೇ, ಯಾಕಮ್ಮ.

ಯಾಕಮ್ಮ ಅವಳ ನಿಜವಾದ ಹೆಸರಲ್ಲ. ಮಾತೆತ್ತಿದರೆ ‘ಯಾಕೆ ಮೇಡಂ?’ ಎನ್ನುತ್ತಾಳೆಂದು ಜೊತೆಯವರು ಇಟ್ಟದ್ದು. ಅಪ್ಪ ಅಮ್ಮ ದೂರದಲ್ಲಿದ್ದಾರೆ, ಇವಳು ಚಿಕ್ಕಪ್ಪನ ಮನೆಯಲ್ಲಿದ್ದು ಓದುವವಳು. ಚಿಕ್ಕಪ್ಪನದು ಔಷಧಿ ಅಂಗಡಿ. ಕಾಲೇಜು ಬಿಟ್ಟ ಮೇಲೆ ಇವಳು ಅಲ್ಲಿ ಕೌಂಟರಿನ ಹಿಂದೆ ನಿಂತು ಮಾತ್ರೆ ಕೊಡುತ್ತಾಳೆ. ನನ್ನ ವಿಡಿಯೋಗಳನ್ನು ನೋಡುವುದೂ ಅಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಸೌಂಡ್ ಆಫ್ ಮಾಡಿ, ಫೋನಿನಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಫೋನಿನಲ್ಲಿ ಪ್ರೋಟೀನನ್ನು ನೋಡಬಹುದು, ತಿರುಗಿಸಿ ಒಳಗೆ ಹೊಕ್ಕು ನೋಡಲು ಆಗುವುದಿಲ್ಲ. ಆದ್ದರಿಂದ ಅವಳ ಕೆಲಸವೆಲ್ಲ ಮೂರನೇ ಮಹಡಿಯ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ. ಆ ಜಾಗ ಅವಳದು ಎಂದು ಯಾರೂ ಬರೆದುಕೊಟ್ಟಿಲ್ಲ, ಯಾರೂ ಅಲ್ಲಿ ಕೂರುವುದೂ ಇಲ್ಲ.

ಅವಳು ಹಿಡಿದಿದ್ದ ಪ್ರಾಜೆಕ್ಟ್ ಬಿ.ಪಿ. ಮಾತ್ರೆಯದು. ಒಂದು ಜಾತಿಯ ಬಿ.ಪಿ. ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆ. ಅಂಗಡಿಗೆ ಬರುವ ಮುದುಕರು ಕೆಮ್ಮುತ್ತ ಬಂದು, ಕೆಮ್ಮಿಗೆ ಔಷಧಿ ಕೇಳಿ, ಮತ್ತೆ ಅದೇ ಬಿ.ಪಿ. ಮಾತ್ರೆಯನ್ನೂ ಕೊಂಡು ಹೋಗುವುದನ್ನು ನೋಡಿ ನೋಡಿ ಇವಳಿಗೆ ತಲೆ ಕೆಟ್ಟಿತ್ತು. ‘ಕೆಮ್ಮು ಬರದೇ ಇರೋ ಹಾಗೆ ಅಣುನ ಬದಲಾಯಿಸಕ್ಕಾಗಲ್ವಾ ಮೇಡಂ? ಯಾಕಾಗಲ್ಲ?’ ಅಷ್ಟು ಸುಲಭವಲ್ಲ ತಾಯಿ, ಅದಕ್ಕೆ ಜೀವ ಸವೆಸಿದವರಿದ್ದಾರೆ ಎಂದೆ. ‘ಸರಿ, ನಾನೂ ಸ್ವಲ್ಪ ಸವೆಸ್ತೀನಿ’ ಎಂದಳು.

ವರದಿಗಳು ಬಂದ ವಾರವೇ ರೂಮಿನಲ್ಲಿ ಅವಳು ಕೈ ಎತ್ತಿದಳು. ‘ಮೇಡಂ, ಈ ಮೂರು ಅಂಕಿ ಯಾಕೆ? ನೀವು ತೋರಿಸಿದ್ದು ಬೇರೆ ಪ್ರೋಟೀನು. ನಂದು ಬೇರೆ. ಪೆಟ್ಟಿಗೆ ಅಲ್ಲೇ ಯಾಕಿರಬೇಕು?’

‘ಅಲ್ಲೇ ಇರಬಾರದು ಅಂತ ಹೇಳಿದ್ದೀನಲ್ಲ?’

‘ಎಲ್ಲಿ ಹೇಳಿದ್ದೀರ ಮೇಡಂ?’ ಎಂದಿತು ಇಡೀ ಕ್ಲಾಸು.

ಒಬ್ಬೊಬ್ಬರ ಪರದೆಯ ಹತ್ತಿರ ಹೋಗಿ ನೋಡಿದೆ. ಅದೇ ಮೂರು ಅಂಕಿ, ನನ್ನವು, ಚಾಚೂ ತಪ್ಪದೆ. ಒಬ್ಬ ಸಕ್ಕರೆ ಕಾಯಿಲೆಯ ಪ್ರೋಟೀನಿಗೆ ಹಾಕಿದ್ದ, ಇನ್ನೊಬ್ಬಳು ಮಲೇರಿಯಾದ್ದಕ್ಕೆ ಹಾಕಿದ್ದಳು. ‘ತಿರುಗಿಸಿ’ ಎಂದೆ. ತಿರುಗಿಸಿದರು. ಗುಳಿ ಒಂದು ಕಡೆ, ಔಷಧಿ ಇನ್ನೊಂದು ಕಡೆ. ಪ್ರೋಟೀನಿನ ಹೊರಮೈಗೆ ಅಣು ಗೋಡೆಯ ಮೇಲಿನ ಹಲ್ಲಿಯ ಹಾಗೆ ಅಂಟಿಕೊಂಡಿತ್ತು. ಆದರೂ ಕಂಪ್ಯೂಟರ್ ಒಬ್ಬರಿಗೂ ಇಲ್ಲ ಅಂದಿರಲಿಲ್ಲ, ಎಲ್ಲರಿಗೂ ಒಂದೊಂದು ಅಂಕಿ ಕೊಟ್ಟು ಕಳಿಸಿತ್ತು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಥೇಟ್ ನಮ್ಮತ್ತೆಯ ದನಿಯಲ್ಲಿ, ‘ಕೂತಿಲ್ಲ ಕಣೇ, ಕೂತಿಲ್ಲ!’ ಎಂದ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೌಂಡ್ ಆಫ್ ಮಾಡಿ ವಿಡಿಯೋ ನೋಡುವ ಯಾಕಮ್ಮನಿಗೆ ಮಾತ್ರ ಏನೂ ಗೊತ್ತಾಗದೆ, ‘ಯಾಕೆ? ಯಾಕೆ ನಗ್ತಿದ್ದೀರ?’ ಎಂದು ಸುತ್ತಲೂ ನೋಡಿದಳು. ಅವಳಿಗೆ ಆ ತುಣುಕನ್ನು ಹಾಕಿ ಕೇಳಿಸಿದರು. ನನ್ನ ಮಾತು ಎಲ್ಲಿ ಹೂತುಹೋಗಿದೆ ಎಂದು ನಾನೂ ಆಗಲೇ ಕೇಳಿದ್ದು. ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಪೆಟ್ಟಿಗೆಯನ್ನು ಸರಿಯಾದ ಜಾಗಕ್ಕೆ ತಂದರು. ನಾನು ಆ ರೂಮಿನಲ್ಲಿ ಕಲಿಸಿದ ಅತ್ಯುತ್ತಮ ಇಪ್ಪತ್ತು ನಿಮಿಷ ಅದು, ಕಲಿಸಿದ್ದು ನಾನಲ್ಲದಿದ್ದರೂ.

ಇದಾದ ಮೇಲೆ ಒಂದು ದಿನ, ಕ್ಲಾಸು ನಡೆಯುತ್ತಿರುವಾಗಲೇ ಒಬ್ಬ ಬಡಗಿ ಟೇಪು ಹಿಡಿದು ಒಳಗೆ ಬಂದ. ಮಕ್ಕಳ ತಲೆಯ ಮೇಲಿಂದ ಟೇಪು ಎಳೆದು ಗೋಡೆಯಿಂದ ಗೋಡೆಗೆ ಅಳೆದ. ಯಾಕಮ್ಮ ಕೂತಿದ್ದ ಕಿಟಕಿಯ ಜಾಗಕ್ಕೆ ಬಂದು, ‘ಸ್ವಲ್ಪ ಜರುಗಮ್ಮ’ ಎಂದು ಅಲ್ಲೂ ಅಳೆದು, ಬಾಗಿಲಲ್ಲಿ ನಿಂತ ಜವಾನನಿಗೆ ಕೂಗಿ ಹೇಳಿದ: ‘ಮೂರು ಸೀಟಿನ ಸೋಫಾ ಇಲ್ಲಿ ಕೂರುತ್ತೆ!’

ಕ್ಲಾಸು ನಗಲಿಲ್ಲ. ನಾನು ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ, ನೇರ ಪ್ರಿನ್ಸಿಪಾಲರ ಕೋಣೆಯಲ್ಲಿದ್ದೆ.

ನಮ್ಮ ಪ್ರಿನ್ಸಿಪಾಲರಿಗೆ ಕಾಲೇಜಿನಲ್ಲಿ ‘ಆಗಲಿ ಸಾರ್’ ಎಂದು ಹೆಸರು. ಯಾರು ಏನು ಕೇಳಿದರೂ ಆಗಲಿ. ರಜೆ ಕೊಡಿ ಎಂದರೂ ಆಗಲಿ, ಅವರಿಗೆ ರಜೆ ಕೊಡಬೇಡಿ ಎಂದರೂ ಆಗಲಿ. ಒಳ್ಳೆಯ ಮನುಷ್ಯ, ಯಾರಿಗೂ ಒಂದು ಸಲವೂ ಇಲ್ಲ ಅಂದವರಲ್ಲ. ನನಗೆ ಅವರ ಮೇಲಿದ್ದ ಸಿಟ್ಟೂ ಅದೇ.

‘ಸಂದರ್ಶಕರ ಕೊಠಡಿ ಮಾಡ್ತಾರಂತಮ್ಮ’ ಎಂದರು ಅವರು, ನನ್ನ ಮುಖ ನೋಡದೆ. ‘ಹೊರಗಿಂದ ಬಂದವರನ್ನ ಕೂರಿಸೋಕೆ ಜಾಗ ಇಲ್ಲ ಅಂತ ಆಡಳಿತ ಮಂಡಳಿ ಕಾರ್ಯದರ್ಶಿಗಳಿಗೆ ಬೇಜಾರು. ನಿಮ್ಮ ವಿಷಯ ಹೇಗೂ ವಿಡಿಯೋದಲ್ಲಿದೆ. ಟೆಸ್ಟಲ್ಲಿ ಎಲ್ಲರಿಗೂ ತೊಂಬತ್ತರ ಮೇಲೆ. ಇನ್ನು ರೂಮ್ ಯಾಕೆ ಅಂತ ಕೇಳಿದ್ರು.’

‘ನೀವೇನಂದ್ರಿ?’

‘ಆಗಲಿ ಅಂದೆ.’

‘ಸಾರ್, ಆ ಟೆಸ್ಟಿನ ಉತ್ತರ ಮಕ್ಕಳ ಗ್ರೂಪಿಗೆ ಪ್ರಶ್ನೆಗಿಂತ ಮುಂಚೆ ಬಂದಿರುತ್ತೆ. ವಿಡಿಯೋ ನೋಡಿ ಅವರು ಮಾಡಿದ್ದೆಲ್ಲ ತಪ್ಪು. ಸರಿಹೋಗಿದ್ದು ಆ ರೂಮಲ್ಲಿ.’

‘ಇರಬಹುದಮ್ಮ. ಆದ್ರೆ ಶುಕ್ರವಾರ ಅವರು ಬರ್ತಾರೆ. ನೀವು ವಿಡಿಯೋ ತೋರಿಸಿ, ಮಾರ್ಕ್ಸ್ ತೋರಿಸಿ. ಬೇರೆ ಮಾತು ಬೇಡ. ಮತ್ತೆ, ಆ ವಿಡಿಯೋದಲ್ಲಿ ಮಧ್ಯೆ ಯಾರೋ ಹೆಂಗಸು ಕೂಗ್ತಾರಲ್ಲ, ಅದನ್ನ ತೆಗೆದುಬಿಡಿ. ಚೆನ್ನಾಗಿರಲ್ಲ.’

‘ಅವರು ಯಾರೋ ಹೆಂಗಸಲ್ಲ ಸಾರ್, ನಮ್ಮತ್ತೆ.’

‘ಆಗಲಿ. ಅತ್ತೆಯವರನ್ನ ತೆಗೆದುಬಿಡಿ.’

ಪಿತ್ತ ನೆತ್ತಿಗೇರಿತ್ತು. ಮನೆಗೆ ಹೋದರೆ ಅಲ್ಲೂ ಯುದ್ಧದ ವಾತಾವರಣ. ಹಲ್ಲುಸೆಟ್ಟು ಲೋಟದ ನೀರಿನಲ್ಲಿ ಕೂತು ನಮ್ಮೆಲ್ಲರನ್ನೂ ನೋಡಿ ಹಲ್ಲು ಕಿರಿಯುತ್ತಿತ್ತು. ಅತ್ತೆ ಅದನ್ನು ನೋಡಿ ಮುಖ ಸಿಂಡರಿಸಿಕೊಂಡು ಕೂತಿದ್ದರು. ನನ್ನ ಗಂಡ ಇಬ್ಬರ ನಡುವೆ ಸಂಧಾನಕ್ಕೆ ಹೋಗಿ ಬೈಸಿಕೊಂಡು ವರಾಂಡ ಸೇರಿದ್ದರು.

‘ನಾಲ್ಕು ದಿನ ಹಾಕ್ಕೊಂಡ್ರೆ ಅಭ್ಯಾಸ ಆಗುತ್ತೆ ಅಂತಾನೆ ಆ ಡಾಕ್ಟ್ರು’ ಎಂದರು ಅತ್ತೆ. ‘ಅಳತೆ ಎಲ್ಲಾ ಸರಿಯಾಗಿದೆಯಂತೆ, ಕಂಪ್ಯೂಟ್ರಲ್ಲಿ ತೆಗೆದಿದ್ದಂತೆ. ಅಲ್ಲ ಕಣೇ, ಬಾಯಿಗೆ ತಕ್ಕ ಹಾಗೆ ಸೆಟ್ಟು ಮಾಡ್ಬೇಕಾ, ಸೆಟ್ಟಿಗೆ ತಕ್ಕ ಹಾಗೆ ನಾನು ಬಾಯಿ ಮಾಡ್ಕೋಬೇಕಾ?’

ನಾನು ಸೋಫಾದ ಕತೆ ಹೇಳಿದೆ. ಅತ್ತೆಗೆ ರೂಮಿನ ವಿಷಯ ಅರ್ಧ ಅರ್ಥವಾಯಿತು, ತಮ್ಮ ವಿಷಯ ಪೂರ್ತಿ ಅರ್ಥವಾಯಿತು.

‘ತೆಗೆದುಬಿಡಿ ಅಂದ್ನಾ? ನನ್ನನ್ನಾ?’

‘ನಿಮ್ಮ ದನಿಯನ್ನ, ಅತ್ತೆ.’

‘ನನ್ನ ದನಿ ಬೇರೆ, ನಾನು ಬೇರೆನಾ? ನೀನೇನಂದೆ?’

ನಿಜ ಹೇಳಬೇಕೆಂದರೆ, ಪ್ರಿನ್ಸಿಪಾಲರ ಕೋಣೆಯಿಂದ ಏನೂ ಅನ್ನದೆ ಬಂದಿದ್ದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

‘ಮನೆಯಲ್ಲಿ ನನ್ನ ಹತ್ರ ಇಷ್ಟುದ್ದ ಬಾಯಿ ಇದೆ. ಅಲ್ಲಿ ಹೋದ್ರೆ ಬೀಗ. ನಾಳೆ ನೋಡು, ನಾನು ಹೋಗಿ ಆ ಡಾಕ್ಟ್ರ ಕುರ್ಚಿಯಲ್ಲಿ ಕೂರ್ತೀನಿ. ಸರಿಮಾಡಿ ಕೊಡೋ ತನಕ ಏಳಲ್ಲ. ಇನ್ನೊಬ್ಬರ ಹಲ್ಲು ಅವನು ಎಲ್ಲಿ ಕೂರಿಸಿಕೊಂಡು ಕೀಳ್ತಾನೋ ನೋಡೇಬಿಡೋಣ.’

ಹೇಳಿದ ಹಾಗೇ ಮಾಡಿದರು. ಬೆಳಿಗ್ಗೆ ಹೋದವರು ಆ ಒರಗುವ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಡಾಕ್ಟರು ಬೇಡಿಕೊಂಡರು, ನರ್ಸು ಬೇಡಿಕೊಂಡಳು, ಹೊರಗೆ ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದವರು ಇಣುಕಿ ನೋಡಿದರು. ಅತ್ತೆ ಬಾಯಿ ತೆರೆದದ್ದು ಡಾಕ್ಟರು ಉಜ್ಜುವ ಯಂತ್ರ ಕೈಗೆ ತೆಗೆದುಕೊಂಡ ಮೇಲೆಯೇ. ಮಧ್ಯಾಹ್ನ ಮನೆಗೆ ಬಂದು ರೊಟ್ಟಿಯ ಗಟ್ಟಿ ಅಂಚನ್ನು ನನ್ನ ಮುಂದೆಯೇ ಕಟುಮ್ಮೆಂದು ಕಡಿದು ತೋರಿಸಿದರು.

ಈ ಕತೆಯನ್ನು ನಾನು ಮಾರನೆಯ ದಿನ ಕ್ಲಾಸಿನಲ್ಲಿ ಹೇಳಿದೆ. ಯಾವ ಉದ್ದೇಶವೂ ಇಲ್ಲದೆ ಹೇಳಿದೆ ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಶುಕ್ರವಾರ ಸೋಫಾಕ್ಕೆ ರೂಮು ಹೋಗುವುದೆಂಬುದನ್ನೂ, ಅವತ್ತು ತೋರಿಸುವ ವಿಡಿಯೋದಿಂದ ಅತ್ತೆಯನ್ನು ತೆಗೆಯಲು ಹೇಳಿದ್ದಾರೆಂಬುದನ್ನೂ ಹೇಳಿದೆ. ಯಾಕಮ್ಮ ತನ್ನ ಪರದೆಯನ್ನೇ ನೋಡುತ್ತಿದ್ದಳು. ರೂಮು ಹೋದರೆ ಉಳಿದವರಿಗೆ ತೊಂದರೆ, ಅವಳಿಗೆ ವಿಷಯವೇ ಹೋದ ಹಾಗೆ. ಅವಳ ಅಣು ಅರ್ಧಕ್ಕೆ ನಿಂತಿತ್ತು. ಕ್ಲಾಸು ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ಶುಕ್ರವಾರ ವಿಡಿಯೋನೇ ತೋರಿಸಿ ಮೇಡಂ. ಆದ್ರೆ ಅತ್ತೆನ ತೆಗೀಬೇಡಿ’ ಎಂದಳು. ಅಷ್ಟು ಹೊತ್ತಿಗೆ ನನಗೂ ಅದೇ ಹೊಳೆದಿತ್ತು.

ಶುಕ್ರವಾರ ಕಾರ್ಯದರ್ಶಿಗಳು ಬಂದರು. ಅವರಿಗಿಂತ ಮೊದಲು ಅವರ ಸೆಂಟಿನ ವಾಸನೆ ಬಂತು, ಅವರ ಹಿಂದೆ ಆಗಲಿ ಸಾರ್ ಬಂದರು, ಎಲ್ಲರ ಹಿಂದೆ ಟೇಪಿನ ಬಡಗಿ ಬಂದು ಬಾಗಿಲಲ್ಲಿ ನಿಂತ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿ ಕೂತರು. ನಾನು ನಯವಾಗಿಯೇ ಶುರು ಮಾಡಿದೆ.

‘ಸಾರ್, ನಮ್ಮ ವಿಡಿಯೋ ಎಷ್ಟು ಚೆನ್ನಾಗಿದೆ ಅಂತ ನಾನು ಹೇಳೋದಕ್ಕಿಂತ ನೀವೇ ನೋಡಿಕೊಂಡು ಮಾಡಿಬಿಡಿ. ಬಿ.ಪಿ.ಗೆ ಸಂಬಂಧಪಟ್ಟ ಪ್ರೋಟೀನು ಇಲ್ಲಿ ಸಿದ್ಧವಾಗಿದೆ. ಎರಡು ಅಣುಗಳಿವೆ, ಒಂದು, ಎರಡು ಅಂತ ಹೆಸರಿಟ್ಟಿದ್ದೀನಿ. ಯಾವುದು ಒಳ್ಳೇ ಔಷಧಿ ಅಂತ ನೀವು ಹೇಳಬೇಕು.’

ಕಾರ್ಯದರ್ಶಿಗಳಿಗೆ ಇಂಥದು ಇಷ್ಟ. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಯಾಕಮ್ಮನ ಕಂಪ್ಯೂಟರಿನ ಮುಂದೆ ಕೂತರು. ವಿಡಿಯೋ ಓಡಿತು. ನನ್ನ ದನಿ ಹೇಳಿದ ಹಾಗೆ ಅವರು ಒತ್ತುತ್ತ ಹೋದರು. ಮೂರು ಅಂಕಿಗಳನ್ನು ನೋಡಿ ನೋಡಿ ತುಂಬಿದರು. ಅಷ್ಟರಲ್ಲಿ ‘ಕೂತಿಲ್ಲ ಕಣೇ, ಕೂತಿಲ್ಲ!’ ಎಂದು ನಮ್ಮತ್ತೆ ಗರ್ಜಿಸಿದರು. ಆಗಲಿ ಸಾರ್ ಕಣ್ಣು ಮುಚ್ಚಿಕೊಂಡರು. ಕಾರ್ಯದರ್ಶಿಗಳು, ‘ಯಾರದು?’ ಎಂದು ನಕ್ಕು ಮುಂದುವರಿದರು. ಸ್ವಲ್ಪ ಹೊತ್ತಿಗೆ ಅಂಕಿ ಬಂತು. ಒಂದಕ್ಕೆ ಮೈನಸ್ ನಾಲ್ಕು. ಎರಡಕ್ಕೆ ಮೈನಸ್ ಐದೂವರೆ.

‘ಮೈನಸ್ ಜಾಸ್ತಿ ಇದ್ದಷ್ಟೂ ಒಳ್ಳೇದು, ಅಲ್ವಾ? ವಿಡಿಯೋದಲ್ಲೇ ಹೇಳಿದ್ದೀರಿ’ ಎಂದು ಅವರು ಕುರ್ಚಿ ತಿರುಗಿಸಿ ಎಲ್ಲರ ಕಡೆಗೂ ನೋಡಿದರು. ‘ಹಾಗಾದ್ರೆ ಎರಡನೇದೇ ಒಳ್ಳೇ ಔಷಧಿ. ನೋಡಿ, ಔಷಧಿಯ ಗಂಧಗಾಳಿ ಗೊತ್ತಿಲ್ಲದ ನಾನೇ ಅರ್ಧ ಗಂಟೇಲಿ ಕಲಿತೆ. ಇದಕ್ಕೆ ರೂಮ್ ಬೇರೆ ಬೇಕಾ?’

‘ಒಂದನೇದು ಜನ ದಿನಾ ನುಂಗೋ ಬಿ.ಪಿ. ಮಾತ್ರೆ ಸಾರ್’ ಎಂದಳು ಯಾಕಮ್ಮ, ಅವರ ಪಕ್ಕದಲ್ಲೇ ನಿಂತು. ‘ಎರಡನೇದು ನುಸಿಗುಳಿಗೆ. ಬೀರುವಿನಲ್ಲಿ ಬಟ್ಟೆ ಮಧ್ಯೆ ಇಡ್ತೀವಲ್ಲ, ಅದು.’

ಯಾರೋ ಕೆಮ್ಮಿದ ಹಾಗೆ ನಕ್ಕರು.

‘ಅದು ಹೇಗೆ? ಕಂಪ್ಯೂಟರೇ ಹೇಳ್ತಿದೆಯಲ್ಲ?’

‘ಅದು ಎಲ್ಲದಕ್ಕೂ ಹೇಳುತ್ತೆ ಸಾರ್. ತಿರುಗಿಸಿ ನೋಡಬೇಕು.’ ಅವಳು ಬಾಗಿ ಮೌಸ್ ಹಿಡಿದು ಪ್ರೋಟೀನನ್ನು ತಿರುಗಿಸಿದಳು. ಎರಡೂ ಅಣುಗಳು ಹೊರಗೋಡೆಗೆ ಅಂಟಿಕೊಂಡಿದ್ದವು. ಗುಳಿ ಇನ್ನೊಂದು ಬದಿಯಲ್ಲಿ ಖಾಲಿ ಬಾಯಿ ತೆರೆದುಕೊಂಡಿತ್ತು. ಅವಳು ಪೆಟ್ಟಿಗೆಯನ್ನು ಆ ಗುಳಿಯ ಮೇಲೆ ತಂದು ಮತ್ತೆ ಓಡಿಸಿದಳು. ಈ ಸಲ ಮಾತ್ರೆ ಒಳಗಿನ ಸುರಂಗಕ್ಕೆ ಇಳಿದು ತಳ ಮುಟ್ಟಿತು, ಅಂಕಿ ಎರಡರಷ್ಟಾಯಿತು. ನುಸಿಗುಳಿಗೆ ಹಿಂದೆ ಬಿತ್ತು.

‘ಈಗ ಕೂತಿದೆ’ ಎಂದಳು. ‘ಮೊದಲು ಕೂತಿರಲಿಲ್ಲ.’

ಕಾರ್ಯದರ್ಶಿಗಳು ದಡ್ಡರಲ್ಲ. ಒಂದು ಕ್ಷಣ ಯೋಚಿಸಿ, ‘ಸರಿ, ಹಾಗಾದ್ರೆ ಇದನ್ನೂ ವಿಡಿಯೋದಲ್ಲಿ ಸೇರಿಸಿಬಿಡಿ. ಮುಗೀತಲ್ಲ?’ ಎಂದರು. ಕೇಳಬೇಕಾದ ಪ್ರಶ್ನೆಯೇ. ನಾನು ಬಾಯಿ ತೆರೆಯುವುದರೊಳಗೆ ಅವಳು ಅಂದಳು:

‘ಸೇರಿಸಬಹುದು ಸಾರ್. ಆಮೇಲೆ ನಾವು ಇನ್ನೊಂದು ತಪ್ಪು ಮಾಡ್ತೀವಿ. ಯಾಕೆ ಹೀಗಾಯ್ತು ಅಂತ ಎಷ್ಟು ಸಲ ಕೇಳಿದ್ರೂ ವಿಡಿಯೋ ಅದು ಹೇಳಿದ್ದನ್ನೇ ಹೇಳುತ್ತೆ. ನಾನು ಕೇಳಿದ್ದನ್ನ ಅದು ಕೇಳಿಸಿಕೊಳ್ಳಲ್ಲ. ನಾಳೆ ಇದೇ ನುಸಿಗುಳಿಗೆ ಔಷಧಿ ಅಂತ ಬರೆದುಕೊಂಡು ನಾವು ಪಾಸಾಗಿ ಹೋಗ್ತೀವಿ, ತೊಂಬತ್ತರ ಮೇಲೆ ಮಾರ್ಕ್ಸ್ ತಗೊಂಡು. ನಮ್ಮ ಚಿಕ್ಕಪ್ಪನ ಅಂಗಡೀಲಿ ಮಾತ್ರೆ ತಗೊಳ್ಳೋರು ನಂಬೋದು ನಮ್ಮನ್ನ ಸಾರ್.’

ರೂಮಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ತಡೆದುಕೊಂಡರು. ಅದೇ ಕೆಟ್ಟದ್ದಾಯಿತು. ಕಾರ್ಯದರ್ಶಿಗಳ ಮುಖ ಗಂಟಿಕ್ಕಿತು. ಅವರು ಎದ್ದು ಕೋಟು ತೊಟ್ಟರು.

‘ಭಾಷಣ ಸಾಕು. ತೀರ್ಮಾನ ಆಗಿದೆ. ಎಲ್ಲರೂ ಏಳಿ, ರೂಮ್ ಖಾಲಿ ಮಾಡಿ. ಬಡಗಿ ಇನ್ನೊಂದು ಸಲ ಅಳತೆ ತಗೋಬೇಕು.’

ಯಾಕಮ್ಮ ಅವರು ಬಿಟ್ಟ ಕುರ್ಚಿಯನ್ನು ಎಳೆದುಕೊಂಡು ಕೂತಳು.

‘ಏಳಲ್ಲ ಸಾರ್.’

‘ಏನಂದೆ?’

‘ಕೂತಿದ್ದೀವಿ ಸಾರ್’ ಎಂದಿತು ಹಿಂದಿನ ಸಾಲು. ಅತ್ತೆಯ ದನಿ ತೆಗೆಯುವ ಹುಡುಗ ಈ ಸಲ ತನ್ನ ದನಿಯಲ್ಲೇ ಅಂದಿದ್ದ. ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರೂ ಮೌಸ್ ಹಿಡಿದು ಪರದೆ ನೋಡುತ್ತ ಕೂತೇ ಇದ್ದರು.

‘ನಿನ್ನ ಮನೆಯವರನ್ನ ಕರೆಸ್ತೀನಿ!’

‘ಕರೆಸಿ ಸಾರ್. ಅವರಿಗೂ ತಿರುಗಿಸಿ ತೋರಿಸ್ತೀನಿ.’

ಅವರು ನನ್ನ ಕಡೆ ತಿರುಗಿದರು. ‘ಮೇಡಂ, ಇದೆಲ್ಲ ನಿಮ್ಮ ಕಿತಾಪತಿ. ಇವರನ್ನ ಏಳಿಸಿ. ನಿಮಗೆ ಕೆಲಸ ಬೇಕೋ ಬೇಡ್ವೋ?’

ನನಗೆ ಭಯವಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಮೂಲೆಯಲ್ಲಿದ್ದ ಸ್ಟೂಲನ್ನು ಯಾಕಮ್ಮನ ಪಕ್ಕಕ್ಕೆ ಎಳೆದು ಅದರ ಮೇಲೆ ಕೂತೆ.

‘ಬೇಕು ಸಾರ್’ ಎಂದೆ. ‘ಅದಕ್ಕೇ ಕೂತಿದ್ದೀನಿ.’

ಇನ್ನು ಉಳಿದವರು ಒಬ್ಬರೇ. ಕಾರ್ಯದರ್ಶಿಗಳು ಪ್ರಿನ್ಸಿಪಾಲರ ಕಡೆ ಬೆರಳು ಮಾಡಿದರು. ‘ನೋಡ್ತಾ ನಿಂತಿದ್ದೀರಲ್ಲ, ಪವರ್ ಆಫ್ ಮಾಡಿಸಿ. ರೂಮಿಗೆ ಬೀಗ ಹಾಕಿಸಿ.’

‘ಆಗ…’ ಎಂದರು ಪ್ರಿನ್ಸಿಪಾಲರು.

ಎಲ್ಲರೂ ‘ಲಿ’ಗಾಗಿ ಕಾದೆವು. ಅವರು ಪರದೆಯ ಕಡೆ ನೋಡಿದರು. ಅಲ್ಲಿ ಮಾತ್ರೆ ಗುಳಿಯೊಳಗೆ ಕೂತಿತ್ತು. ಅವರೂ ಒಂದು ಕಾಲದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಎಂಬುದನ್ನು ನಾವೆಲ್ಲ ಮರೆತಿದ್ದೆವು, ಬಹುಶಃ ಅವರೂ ಮರೆತಿದ್ದರು. ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

‘ಆಗಲ್ಲ ಸಾರ್’ ಎಂದರು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಕಾರ್ಯದರ್ಶಿಗಳು, ‘ಏನು?’ ಎಂದು ಮತ್ತೆ ಕೇಳಬೇಕಾಯಿತು. ಎರಡನೇ ಸಲ ಅವರು ಸ್ವಲ್ಪ ಗಟ್ಟಿಯಾಗಿ ಹೇಳಿದರು. ಮೂರನೇ ಸಲ ಯಾರೂ ಕೇಳದಿದ್ದರೂ ಹೇಳಿದರು, ರುಚಿ ಹತ್ತಿದವರ ಹಾಗೆ. ಕಾರ್ಯದರ್ಶಿಗಳು, ‘ನೋಡ್ಕೋತೀನಿ, ಎಲ್ಲರನ್ನೂ ನೋಡ್ಕೋತೀನಿ’ ಎಂದು ದಡದಡನೆ ಮೆಟ್ಟಿಲಿಳಿದರು. ಬಡಗಿ ಟೇಪನ್ನು ಸುರುಳಿ ಸುತ್ತಿಕೊಂಡು, ‘ನಾನು ಹೋಗ್ಲಾ?’ ಎಂದು ಪ್ರಿನ್ಸಿಪಾಲರನ್ನು ಕೇಳಿದ. ‘ಆಗಲಿ’ ಎಂದರು ಅವರು, ಮತ್ತೆ ಹಳೆಯ ಮನುಷ್ಯನಾಗಿ. ಆಮೇಲೆ ನನ್ನ ಕಡೆ ಬಗ್ಗಿ, ‘ನಾನೇನಮ್ಮ ಅಂದುಬಿಟ್ಟೆ?’ ಎಂದರು. ಅವರ ಕೈಗೆ ನೀರಿನ ಬಾಟಲಿ ಕೊಟ್ಟೆ.

ನಾನು ಮಕ್ಕಳಿಗೆ ಏನಾದರೂ ಹೇಳಬೇಕಿತ್ತು. ಕಣ್ಣು ತುಂಬಿಕೊಂಡಿತ್ತು, ಹೊಗಳಿದರೆ ಅತ್ತುಬಿಡುತ್ತಿದ್ದೆ. ಆದ್ದರಿಂದ ‘ಏನು ನೋಡ್ತಿದ್ದೀರ, ಕೆಲಸ ಮಾಡಿ’ ಎಂದು ಗದರಿದೆ. ಯಾಕಮ್ಮ ಆಗಲೇ ತನ್ನ ಅಣುವನ್ನು ತೆರೆದಿದ್ದಳು, ಕೆಮ್ಮು ತರಬಾರದೆಂದು ತಿಂಗಳುಗಟ್ಟಲೆ ತಿದ್ದಿದ್ದನ್ನು. ಸರಿಯಾದ ಪೆಟ್ಟಿಗೆಯಲ್ಲಿ ಅದನ್ನು ಹಾಕಿದಳು. ಅಂಕಿ ಚೆನ್ನಾಗಿಯೇ ಬಂತು. ನನಗೆ ಒಳಗೊಳಗೇ ಹಿಗ್ಗಾಯಿತು. ಅವಳು ಹಿಗ್ಗಲಿಲ್ಲ. ನಿಧಾನವಾಗಿ ತಿರುಗಿಸಿದಳು, ಒಳಗೆ ಹೊಕ್ಕು ನೋಡಿದಳು, ಮತ್ತೊಮ್ಮೆ ತಿರುಗಿಸಿದಳು.

‘ಬಾಲ ಗುಳಿಯಿಂದ ಹೊರಗಿದೆ ಮೇಡಂ. ನಂದು ಕೂತಿಲ್ಲ.’

‘ಹೌದು’ ಎಂದೆ. ‘ಈಗೇನು ಮಾಡ್ತೀಯ?’

‘ಇನ್ನೊಂದು ಮಾಡ್ತೀನಿ’ ಎಂದು ಅದನ್ನು ಅಳಿಸಿಹಾಕಿದಳು.

ಸೋಫಾ ಬಂತು. ಅದನ್ನು ಮೊದಲೇ ಹೇಳಿ ಮಾಡಿಸಿದ್ದರಂತೆ. ಇವತ್ತಿಗೂ ಕೆಳಗಿನ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿದೆ. ಮುಂದಿನ ವರ್ಷ ನೋಡೋಣ ಎಂದು ಕಾರ್ಯದರ್ಶಿಗಳು ಹೇಳಿದ್ದಾರಂತೆ. ನೋಡಲಿ. ನನ್ನ ಮೇಲೆ ಕ್ರಮ ತೆಗೆದುಕೊಳ್ಳುತ್ತಾರೆ ಎಂಬ ಗಾಳಿಸುದ್ದಿಯೂ ಇದೆ, ಅದನ್ನು ನಾನು ಕಿವಿಗೆ ಹಾಕಿಕೊಂಡಿಲ್ಲ.

ವಿಡಿಯೋದಿಂದ ಅತ್ತೆಯನ್ನು ತೆಗೆಯಲಿಲ್ಲ. ತಪ್ಪನ್ನೂ ತಿದ್ದಲಿಲ್ಲ. ಶುರುವಿನಲ್ಲಿ ಒಂದು ಸಣ್ಣ ತುಣುಕನ್ನು ಮಾತ್ರ ಸೇರಿಸಿದೆ, ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು. ಅವರು ಹೊಸ ಹಲ್ಲು ಕಾಣುವ ಹಾಗೆ ಕ್ಯಾಮೆರಾ ನೋಡಿ ನಕ್ಕರು. ಹೇಳಬೇಕಾದದ್ದನ್ನು ನಾನು ಹೇಳಿದೆ: ‘ಈ ವಿಡಿಯೋದಲ್ಲಿ ಒಂದು ತಪ್ಪಿದೆ. ಹುಡುಕಿ. ಸಿಕ್ಕಿದ್ರೂ ಬನ್ನಿ, ಸಿಗದಿದ್ರೂ ಬನ್ನಿ. ಮೂರನೇ ಮಹಡಿ. ಕೂತಿರ್ತೀವಿ.’